ಮುಚ್ಚಳದ ಮೇಲಿನ ಕಲ್ಲು

ಔರಂಗಾಬಾದ್
18 ಜನವರಿ 2009

ಚಂದ್ರಾಮಪ್ಪನವರಿಗೆ ದೇವದಾಸನ ನಮಸ್ಕಾರಗಳು.

ಬಾರಾಲಾಚಾ ಘಟ್ಟದ ಕಥೆಯನ್ನು ನನಗೆ ಮೊದಲು ಹೇಳಿದವರು ನೀವು. 1988ರ ಶ್ರಾವಣ ಮಾಸ, ಸೋಮವಾರ, ಮಧ್ಯಾಹ್ನ ಮೂರೂವರೆ. ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ನೀವು ಬ್ಯಾಂಕಿನ ಕಾವಲು ಪಾಳಿ ಮುಗಿಸಿ, ಬಂದೂಕನ್ನು ಒಪ್ಪಿಸಿ ಬಂದು ನಮ್ಮ ಹೋಟೆಲಿನ ಮೂಲೆಯ ಮೇಜಿಗೆ ಕೂತು ಎರಡು ಇಡ್ಲಿ ತರಿಸಿಕೊಂಡಿರಿ. ಹಬೆಯಾಡುವ ಇಡ್ಲಿಯನ್ನು ನೋಡುತ್ತಾ, "ಹದಿನಾರು ಸಾವಿರ ಫೂಟಿನ ಮ್ಯಾಲೆ ನಮಗ ಇಂಥಾದ್ದೊಂದು ಸಿಕ್ಕಿದ್ರ..." ಎಂದಿರಿ. ನಾನು ಬಿಡುವವನೇ? ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ನಿಮ್ಮೆದುರು ಕೂತೆ.

ಆಮೇಲೆ ನೀವು ಹೇಳಿದ್ದು ನನಗೆ ಬಾಯಿಪಾಠ. ಹಿಮಾಲಯದ ಆ ದಾರಿ, ಎರಡೂ ಬದಿಗೆ ಆನೆ ಎತ್ತರದ ಹಿಮದ ಗೋಡೆ, ನಡುವೆ ನಿಮ್ಮ ಮಿಲಿಟರಿ ಲಾರಿ. ನೆತ್ತಿಯ ಕೆಳಗೆ ನೀಲಿ ಕೆರೆ. ನೆತ್ತಿಯಲ್ಲಿ ಎಂಜಿನ್ ಬಂದ್ ಮಾಡಿದರೆ ಮತ್ತೆ ಶುರುವಾಗುವುದಿಲ್ಲ, ಹಾಗಾಗಿ ಡ್ರೈವರ್ ಆದವನು ಇಳಿದು ನೋಡುವಂತಿಲ್ಲ, ಕೂತಲ್ಲೇ ಕೈಮುಗಿಯಬೇಕು. ಅವತ್ತು ನಾನೊಂದು ಮಾತು ಕೊಟ್ಟಿದ್ದೆ: "ಒಂದು ದಿನ ಅದೇ ಘಟ್ಟದಲ್ಲಿ ನಿಮಗೆ ಬಿಸಿ ಇಡ್ಲಿ ಬಡಿಸುತ್ತೇನೆ ಮಾರಾಯ್ರೇ." ನೀವು ನಕ್ಕಿರಿ. ಪ್ರತಿ ಶ್ರಾವಣಕ್ಕೆ ಕಥೆ ಮತ್ತೆ ಆಯಿತು, ಕೇಳುವವರು ಹೆಚ್ಚಾದರು, ನನ್ನ ಮಾತು ಹಾಗೆಯೇ ಉಳಿಯಿತು.

ಈಗ ಕೇಳಿ. ಹೋಟೆಲನ್ನು ಮಗ ರಾಕೇಶನ ಕೈಗೆ ಕೊಟ್ಟಾಯಿತು. ನಾನು ಒಂದು ಜೀಪು ತೆಗೆದುಕೊಂಡಿದ್ದೇನೆ. ಕುಂದಾಪುರದಿಂದ ಔರಂಗಾಬಾದು, ಔರಂಗಾಬಾದಿನಿಂದ ಕುಂದಾಪುರ, ಅರವತ್ತೊಂದು ವರ್ಷದಲ್ಲಿ ನಾನು ಕಂಡ ಪ್ರಪಂಚ ಇಷ್ಟೇ. ಜುಲೈಯಲ್ಲಿ ಹೊರಡುವ, ನೀವು ಮತ್ತು ನಾನು. ಬಯಲು ದಾರಿಯಲ್ಲಿ ನಾನು ಓಡಿಸುತ್ತೇನೆ. ಎಡ ಮೊಣಕಾಲು ಹೋದ ವರ್ಷ ಕೊಯ್ಸಿದ್ದು ನಿಮಗೆ ಗೊತ್ತಲ್ಲ, ಗಳಿಗೆಗೊಮ್ಮೆ ಕ್ಲಚ್ ಒತ್ತಲು ಆಗುವುದಿಲ್ಲ. ಬೆಟ್ಟ ಶುರುವಾದಲ್ಲಿಂದ ಸ್ಟೇರಿಂಗ್ ನಿಮ್ಮದು. ನಿಮಗಿಂತ ಒಳ್ಳೆಯ ಡ್ರೈವರ್ ನನಗೆ ಎಲ್ಲಿ ಸಿಗಬೇಕು?

ನೀವು ನಿವೃತ್ತಿಯಾಗಿ ನಾಸಿಕದ ಕಡೆ ಮಗಳ ಮನೆ ಸೇರಿ ಆರು ವರ್ಷವಾಯಿತು. ನೀವು ಕಥೆ ಹೇಳಲು ಬರುವ ಶ್ರಾವಣ ಸೋಮವಾರ ಬಿಟ್ಟರೆ ಮೂಲೆಯ ಮೇಜು ಬಿಕೋ ಎನ್ನುತ್ತದೆ. ಹೂಂ ಎಂದು ಬರೆಯಿರಿ.

ಇತಿ,
ದೇವದಾಸ

—

ಓಝರ್ ಟೌನ್‌ಶಿಪ್
30 ಜನವರಿ 2009

ಗೆಳೆಯ ದೇವದಾಸರಿಗೆ ಚಂದ್ರಾಮಪ್ಪನ ಶರಣು ಶರಣಾರ್ಥಿ.

ಪತ್ರ ಮುಟ್ಟಿತು. ಬಹಳ ಸಂತೋಷ. ಆದರೆ ಜುಲೈ ತಿಂಗಳು ಸ್ವಲ್ಪ ಕಠಿಣ. ಅಳಿಯನ ಗೆಳೆಯನದು ನಿಫಾಡದಲ್ಲಿ ದ್ರಾಕ್ಷಿ ತೋಟ ಇದೆ, ನೋಡಿಕೊಳ್ಳಲು ನನಗೆ ಹೇಳಿದ್ದಾನೆ. ಎರಡನೆಯದು, ಮನೆಯಾಕೆ ಚನಬಸವ್ವನಿಗೆ ಒಬ್ಬಳೇ ಇರಲು ಆಗುವುದಿಲ್ಲ. ಮೂರನೆಯದು, ನನ್ನ ಮಿಲಿಟರಿ ಲೈಸೆನ್ಸು ಟ್ರಂಕಿನಲ್ಲಿ ಇಲಿ ತಿಂದು ಹೋಗಿದೆ. ನಾಲ್ಕನೆಯದು, ಅಲ್ಲಿ ಥಂಡಿ ಬಹಳ. ನನ್ನ ಎದೆ ಮೊದಲಿನ ಹಾಗೆ ಇಲ್ಲ.

ನೀವು ಬಾಡಿಗೆ ಡ್ರೈವರ್ ತೆಗೆದುಕೊಂಡು ಹೋಗಿ ಬರುವುದು ಒಳ್ಳೆಯದು. ನಿಮ್ಮ ಮನೆಯವರಿಗೆ, ತಂಗಿ ರಾಜೀವಿಗೆ, ನನ್ನ ನಮಸ್ಕಾರ.

ತಮ್ಮವ,
ಚಂದ್ರಾಮಪ್ಪ

—

ಔರಂಗಾಬಾದ್
9 ಫೆಬ್ರವರಿ 2009

ಚಂದ್ರಾಮಪ್ಪನವರೇ,

ನಿಮ್ಮ ನಾಲ್ಕು ಕಾರಣಗಳಿಗೂ ಉತ್ತರ ಬರೆದಿದ್ದೇನೆ, ಓದಿ.

ಜುಲೈಯಲ್ಲಿ ದ್ರಾಕ್ಷಿ ತೋಟದಲ್ಲಿ ದ್ರಾಕ್ಷಿ ಇರುವುದಿಲ್ಲ. ನಾನು ಹೋಟೆಲಿನವನು, ಯಾವ ಹಣ್ಣು ಯಾವಾಗ ಬರುತ್ತದೆಂದು ನನಗೆ ಗೊತ್ತು. ಚನಬಸವ್ವಕ್ಕ ಒಬ್ಬರೇ ಅಲ್ಲ, ಮಗಳು ಸುಮನ, ಅಳಿಯ, ಇಬ್ಬರು ಮೊಮ್ಮಕ್ಕಳು ಜೊತೆಗಿದ್ದಾರೆ. ಫೋನು ಮಾಡಿ ಕೇಳಿದೆ, "ಕರಕೊಂಡು ಹೋಗ್ರಿ, ನಾಕ್ ದಿನ ಮನಿ ತಣ್ಣಗಿರ್ತದ" ಎಂದರು. ಲೈಸೆನ್ಸು ಇಲಿ ತಿಂದಿದ್ದರೆ ಹೊಸದು ಮಾಡಿಸಿ. ಥಂಡಿಗೆ ಎರಡು ಸ್ವೆಟರು ಹಾಕಿಕೊಳ್ಳಿ.

ಬಾಡಿಗೆ ಡ್ರೈವರ್ ಮಾತು ಮತ್ತೆ ಆಡಬೇಡಿ, ಬೇಜಾರಾಯಿತು. ದಾರಿ ತೋರಿಸಲು ಯಾರಾದರೂ ಸಿಕ್ಕಾರು, ತಿರುವು ತಿರುವಿಗೆ ಕಥೆ ಹೇಳುವವರು ಯಾರು? ಬರಲು ಮನಸ್ಸಿಲ್ಲವಾದರೆ ಹಾಗೆಂದೇ ಬರೆಯಿರಿ. ನನ್ನ ಜೊತೆ ಬರಲು ಮನಸ್ಸಿಲ್ಲ ಎಂದು.

ದೇವದಾಸ

—

ಓಝರ್ ಟೌನ್‌ಶಿಪ್
20 ಫೆಬ್ರವರಿ 2009

ತಂಗಿ ರಾಜೀವಿಗೆ ಅಣ್ಣ ಚಂದ್ರಾಮಪ್ಪನ ಶರಣು.

ಈ ಪತ್ರ ನಿನಗೊಬ್ಬಳಿಗೇ. ಓದಿ ಒಲೆಗೆ ಹಾಕು. ಫೋನಿನಲ್ಲಿ ಹೇಳೋಣವೆಂದರೆ ಈ ಕ್ವಾರ್ಟರ್ಸಿನಲ್ಲಿ ಗೋಡೆಯಾಚೆಗೂ ಕೇಳುತ್ತದೆ.

ತಂಗಿ, ನನಗೆ ಗಾಡಿ ಓಡಿಸಲು ಬರುವುದಿಲ್ಲ. ಲಾರಿಯಲ್ಲ, ಜೀಪಲ್ಲ, ಯಾವುದೂ ಬರುವುದಿಲ್ಲ. ನಾನು ಮಿಲಿಟರಿಯಲ್ಲಿ ಡ್ರೈವರ್ ಆಗಿರಲಿಲ್ಲ. ಅಡಿಗೆಯವನಾಗಿದ್ದೆ.

ಬಾರಾಲಾಚಾ ಘಟ್ಟದ ಬುಡದಲ್ಲಿ ಪತ್ಸಿಯೋ ಎಂಬ ಜಾಗ. ಅಲ್ಲಿ ಲಾರಿಗಳು ತಂಗುವ ಕ್ಯಾಂಪು. 1971ರಿಂದ ಮೂರು ಬೇಸಿಗೆ ನಾನು ಆ ಕ್ಯಾಂಪಿನ ಅಡಿಗೆಮನೆಯಲ್ಲಿದ್ದೆ. ಮೇಲಿನಿಂದ ಇಳಿದು ಬಂದ ಡ್ರೈವರುಗಳು ಕೈಬೆರಳು ಸೆಟೆದುಕೊಂಡು ನನ್ನ ಒಲೆಯ ಮುಂದೆ ಕೂರುತ್ತಿದ್ದರು. ಒಬ್ಬ ಕೆರೆಯ ಬಣ್ಣ ಹೇಳುತ್ತಿದ್ದ, ಒಬ್ಬ ಹಿಮದ ಗೋಡೆ ಹೇಳುತ್ತಿದ್ದ, ಒಬ್ಬ ಎಂಜಿನ್ನಿನ ಮಾತು ಹೇಳುತ್ತಿದ್ದ. ನಾನು ರೊಟ್ಟಿ ಹಾಕುತ್ತಾ ಕೇಳುತ್ತಿದ್ದೆ. ಒಮ್ಮೆಯಾದರೂ ಮೇಲೆ ಹೋಗಿ ನೋಡಬೇಕೆಂದು ಬಹಳ ಆಸೆ ಇತ್ತು. ಆದರೆ ಲಾರಿಗಳು ಹೋಗುವ ಹೊತ್ತಿಗೂ ಅಡಿಗೆ ಬೇಕು, ಬರುವ ಹೊತ್ತಿಗೂ ಅಡಿಗೆ ಬೇಕು. ಒಲೆ ಬಿಟ್ಟು ಹೋಗಲು ಆಗಲೇ ಇಲ್ಲ.

ಸುಳ್ಳು ಯಾಕೆ ಹೇಳಿದೆ ಎಂದು ನೀನು ಕೇಳಬಹುದು. ಮಿಲಿಟರಿ ಅಡಿಗೆಮನೆಯೆಂದರೆ ಎಲ್ಲ ತರಹದ ಅಡಿಗೆಯೂ ಬೇಯುತ್ತದೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ನೀರೂ ಮುಟ್ಟುತ್ತಿರಲಿಲ್ಲ. ನಾನು ಅಲ್ಲಿ ಏನು ಕೊಯ್ದೆ, ಏನು ಬೇಯಿಸಿದೆ ಎಂದು ತಿಳಿದರೆ ನಮ್ಮವ್ವ ನನ್ನನ್ನು ಪಡಸಾಲೆ ದಾಟಲು ಬಿಡುತ್ತಿರಲಿಲ್ಲ. ಅದಕ್ಕೇ ಮೊದಲ ರಜೆಗೆ ಊರಿಗೆ ಬಂದಾಗ "ಡ್ರೈವರ್ ಇದ್ದೀನಿ" ಎಂದೆ. ಡ್ರೈವರ್ ಎಂದೇ ಹೆಣ್ಣು ಕೊಟ್ಟರು. ಡ್ರೈವರ್ ಎಂದೇ ನಿಮ್ಮ ಹೋಟೆಲಿಗೆ ಬಂದೆ. ಒಮ್ಮೆ ಹೇಳಿದ ಮೇಲೆ ಕಥೆ ನನ್ನನ್ನು ಬಿಡಲಿಲ್ಲ.

ದೇವದಾಸರು ಮುನಿಸಿಕೊಂಡು ಬರೆದಿದ್ದಾರೆ. ಈ ಊರುಗಳಲ್ಲಿ ನನಗೆ ಗೆಳೆಯ ಎಂದರೆ ಅವರೊಬ್ಬರೇ. ಬರುವುದಿಲ್ಲ ಎಂದರೆ ಅವರು ನನ್ನ ಕೈಬಿಟ್ಟು ಹೋಗುತ್ತಾರೆ, ನಿಜ ಹೇಳಿದರೂ ಕೈಬಿಟ್ಟು ಹೋಗುತ್ತಾರೆ. ನಾನೇನು ಮಾಡಲಿ?

ನಿನ್ನ ಅಣ್ಣ,
ಚಂದ್ರಾಮಪ್ಪ

—

ಔರಂಗಾಬಾದ್
3 ಮಾರ್ಚ್ 2009

ಚಂದ್ರಾಮಣ್ಣನಿಗೆ ರಾಜೀವಿಯ ನಮಸ್ಕಾರ.

ನಿಮ್ಮ ಪತ್ರವನ್ನು ಒಲೆಗೆ ಹಾಕಲಿಲ್ಲ. ನಮ್ಮದು ಗ್ಯಾಸು, ಕಾಗದ ಸುಟ್ಟರೆ ಮನೆಯಿಡೀ ವಾಸನೆ ಹೊಡೆದು ಎಲ್ಲರೂ ಕೇಳುತ್ತಾರೆ. ಉದ್ದಿನ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ. ಇವರು ಹೋಟೆಲಿನ ಅಡಿಗೆಮನೆಗೆ ಹೋಗುತ್ತಾರೆಯೇ ಹೊರತು ಮನೆಯ ಅಡಿಗೆಮನೆಗೆ ಕಾಲಿಡುವವರಲ್ಲ.

ಓದಿ ಮೊದಲು ನಗು ಬಂತು. ಆಮೇಲೆ ನೀವು ಆ ಮೂರು ವರ್ಷ ಒಲೆಯ ಮುಂದೆ ಕೂತು ಮೇಲಿನ ದಾರಿಯನ್ನು ಕಿವಿಯಲ್ಲೇ ನೋಡಿದ್ದನ್ನು ನೆನೆದು ಪಾಪ ಅನ್ನಿಸಿತು. ಒಂದು ಸಂಗತಿ ಈಗ ಅರ್ಥವಾಯಿತು. ಒಂದು ಚೌತಿಯ ದಿನ ನಮ್ಮ ಅಡಿಗೆ ಭಟ್ಟರು ಜ್ವರ ಬಂದು ಮಲಗಿದಾಗ ನೀವು ಬಾಗಿಲಲ್ಲಿ ನಿಂತು, "ಹುಣಸಿಹುಳಿ ಈಗ ಬ್ಯಾಡ, ಬ್ಯಾಳಿ ಇನ್ನೂ ಬೇಯಬೇಕು" ಎಂದಿರಿ. ಬಂದೂಕು ಹಿಡಿಯುವವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಅವತ್ತೇ ಅಂದುಕೊಂಡಿದ್ದೆ.

ನಾನು ಇವರಿಗೆ ಹೇಳುವುದಿಲ್ಲ. ನೀವೂ ಕಾಗದದಲ್ಲಿ ಹೇಳಬೇಡಿ. ಇಪ್ಪತ್ತೊಂದು ವರ್ಷದಿಂದ ಇವರು ಆ ಕಥೆಯೊಳಗೆ ಮನೆ ಮಾಡಿಕೊಂಡಿದ್ದಾರೆ. ಮೊಣಕಾಲು ಕೊಯ್ಯುವ ದಿನ ಆಪರೇಷನ್ ಕೋಣೆಗೆ ಹೋಗುವಾಗಲೂ, "ರಾಜೀವಿ, ಇದು ಸರಿಯಾದರೆ ಬಾರಾಲಾಚಾ" ಎಂದರು. ಹೇಳುವುದಾದರೆ ಮುಖ ನೋಡಿಕೊಂಡು ಹೇಳಿ. ಘಟ್ಟದ ನೆತ್ತಿ ಬರುವ ಮೊದಲು ಹೇಳಿ. ಇದಕ್ಕೆ ನನಗೆ ಮಾತು ಕೊಡಬೇಕು.

ಅದಕ್ಕಿನ್ನೂ ನಾಲ್ಕು ತಿಂಗಳಿದೆ. ಅಷ್ಟರೊಳಗೆ ಡ್ರೈವಿಂಗ್ ಕಲಿಯಿರಿ. ಅರವತ್ತಾರು ಏನು ವಯಸ್ಸು? ಸೊಸೆ ಶ್ರೀಜಾಳಿಗೆ ಬಾಣಂತನ, ಇಲ್ಲದಿದ್ದರೆ ನಾನೇ ಕಲಿತು ಓಡಿಸುತ್ತಿದ್ದೆ.

ನಿಮ್ಮ ತಂಗಿ,
ರಾಜೀವಿ

—

ಓಝರ್ ಟೌನ್‌ಶಿಪ್
12 ಮೇ 2009

ತಂಗಿ ರಾಜೀವಿಗೆ ಶರಣು.

ನೀನು ಹೇಳಿದಂತೆ ಆಯಿತು. ನಿನ್ನ ಗಂಡನಿಗೆ ಹೂಂ ಎಂದು ಬರೆದೆ, ನಾಸಿಕದ ಒಂದು ಮೋಟರ್ ಸ್ಕೂಲಿಗೆ ಹೆಸರು ಹಚ್ಚಿದೆ. ಮನೆಯಲ್ಲಿ ಬೆಳಗಿನ ವಾಯುವಿಹಾರ ಎಂದು ಹೇಳಿ ಹೊರಡುತ್ತಿದ್ದೆ.

ನಮ್ಮ ಪಾಳಿಯಲ್ಲಿ ಇಬ್ಬರೇ. ನಾನು ಮತ್ತು ಮೃಣಾಲಿನಿ ಎಂಬ ಹತ್ತೊಂಬತ್ತರ ಹುಡುಗಿ. ಅವಳ ತಂದೆ ನಮ್ಮ ಬಾಗಲಕೋಟೆ ಕಡೆಯವರು, ಇಲ್ಲಿ ಕೇಂದ್ರ ಸರ್ಕಾರದ ನೌಕರಿ. ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿ ಬಿಟ್ಟರೆ ಮರಾಠಿ. ಮೊದಲ ದಿನ ನಾನು ಸ್ಟೇರಿಂಗ್ ಹಿಡಿದಾಗ ಗಾಡಿ ಕಪ್ಪೆಯ ಹಾಗೆ ಮೂರು ಸಲ ಹಾರಿ ಸತ್ತಿತು. ಹಿಂದಿನ ಸೀಟಿನಿಂದ ಅವಳು, "ಆಜೋಬಾ, ಕ್ಲಚ್ ಹಳೂ ಸೋಡಾ, ಹಳೂ" ಎಂದಳು. ಅಂದರೆ ಅಜ್ಜಾ, ಮೆಲ್ಲಗೆ ಬಿಡು ಎಂದು. ನನಗೆ ಥಟ್ಟನೆ ಹೊಳೆಯಿತು. ದೊಡ್ಡ ಹಂಡೆಯ ಕೆಳಗಿನ ಉರಿಯನ್ನು ಒಮ್ಮೆಲೇ ಎಳೆದರೆ ಅನ್ನ ನಡುವೆ ಹಸಿ ಉಳಿಯುತ್ತದೆ, ಕೊಳ್ಳಿಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯಬೇಕು. ಕ್ಲಚ್ಚೂ ಹಾಗೆಯೇ. ಮರುದಿನದಿಂದ ಗಾಡಿ ಹಾರಲಿಲ್ಲ.

ಏಪ್ರಿಲ್ ಕೊನೆಗೆ ಪರೀಕ್ಷೆ. ಮೃಣಾಲಿನಿ ಫೇಲ್, ನಾನು ಪಾಸ್. ಅವಳು ನನ್ನ ಮೇಲೆ ಸಿಟ್ಟಾಗಿ ಒಂದು ಪೇಡೆಯನ್ನೂ ತಿನ್ನಲಿಲ್ಲ. ಎರಡನೆಯ ಸಲ ಪಾಸಾದಳು, ಅವಳ ಪೇಡೆಯನ್ನು ನಾನು ಎರಡು ತಿಂದೆ.

ಲೈಸೆನ್ಸನ್ನು ಅಂಗಿಯ ಜೇಬಿನಲ್ಲೇ ಮರೆತಿದ್ದೆ. ಬಟ್ಟೆ ಒಗೆಯಲು ತೆಗೆದ ಚನಬಸವ್ವ ಅದನ್ನು ತಂದು ನನ್ನ ಮುಂದೆ ಇಟ್ಟಳು. "ಇದೇನ್ರೀ, ನಲವತ್ತು ವರ್ಷದ ಡ್ರೈವರಿಗೆ ಹೋದ ತಿಂಗಳ ಲೈಸೆನ್ಸ್?" ಎಂದಳು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವಳು ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. "ನನಗ ಗೊತ್ತಿಲ್ಲೇನು? ಐವತ್ತು ಮಂದಿ ಸಾರಿಗೆ ಕಣ್ಣಳತಿಲೆ ಉಪ್ಪು ಹಾಕೋ ಗಂಡಸು ಡ್ರೈವರ್ ಆಗಿರ್ತಾನೇನು? ಸುಮನಳ ಲಗ್ನದಾಗ ನೋಡೀನಿ" ಎಂದಳು. "ಮತ್ಯಾಕ ಕೇಳಲಿಲ್ಲ?" ಎಂದೆ. "ನಿಮ್ಮವ್ವ ಇರೋತನಕ ಕೇಳೋ ಹಂಗಿರಲಿಲ್ಲ. ಆಮ್ಯಾಲೆ ನೀವು ಹೇಳೋ ಕಥೀ ಚಂದಿತ್ತು" ಎಂದಳು.

ಇನ್ನು ಉಳಿದವರು ಒಬ್ಬರೇ.

ನಿನ್ನ ಅಣ್ಣ,
ಚಂದ್ರಾಮಪ್ಪ

—

ಕೇಲಾಂಗ್
8 ಜುಲೈ 2009

ತಂಗಿ ರಾಜೀವಿಗೆ ಶರಣು.

ಈ ಊರು ಬೆಟ್ಟದ ಸೊಂಟಕ್ಕೆ ಕಟ್ಟಿದ ಉಡಿದಾರದ ಹಾಗಿದೆ. ನಾವು ಕ್ಷೇಮ. ನಾಳೆ ಪತ್ಸಿಯೋ, ಅಲ್ಲಿಂದ ಘಟ್ಟ. ನಿನಗೆ ಕೊಟ್ಟ ಮಾತು ಇನ್ನೂ ನಡೆಸಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಡಿ ಎಂಬ ಊರಿನ ಆಚೆ ನಿನ್ನ ಗಂಡ ಜೀಪು ನಿಲ್ಲಿಸಿ ಕೀಲಿಕೈಯನ್ನು ಪ್ರಸಾದದ ಹಾಗೆ ನನ್ನ ಅಂಗೈಗೆ ಹಾಕಿದರು. ಅಲ್ಲಿಂದ ನಾನೇ. ಗಂಟೆಗೆ ಇಪ್ಪತ್ತು ಮೈಲಿ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದವು, ಒಂದು ಮದುವೆಯ ಬಸ್ಸು ಹಾಡುತ್ತಾ ನಮ್ಮನ್ನು ದಾಟಿತು, ಒಂದು ಏರು ತಿರುವಿನಲ್ಲಿ ಒಬ್ಬ ಕುರಿಗಾಹಿಯೂ ದಾಟಿದ. "ಎಂತ ಮಾರಾಯ್ರೇ, ಇಷ್ಟು ನಿಧಾನ?" ಎಂದರು ದೇವದಾಸರು. "ಮಿಲಿಟರಿ ಶಿಸ್ತು" ಎಂದೆ. "ಅದೇ ನೋಡಿ ಅನುಭವ" ಎಂದು ಅವರು ಕಣ್ಣು ಮುಚ್ಚಿ ನಿದ್ದೆ ಮಾಡಿದರು. ಅವರು ನಿದ್ದೆ ಮಾಡಿದ್ದು ನನಗೆ ಚುಚ್ಚಿತು. ಯಾರನ್ನು ನಂಬಿ ಮಲಗಿದ್ದಾರೆ?

ರೋಹತಾಂಗದ ಘಟ್ಟದಲ್ಲಿ ಮಂಜು ಕವಿದು ಮುಂದಿನ ಚಕ್ರವೂ ಕಾಣಲಿಲ್ಲ. ನಾನು ಮೃಣಾಲಿನಿಯ ಹಾಗೆ ಬಾಯಲ್ಲೇ "ಹಳೂ, ಹಳೂ" ಎನ್ನುತ್ತಾ ಹತ್ತಿಸಿದೆ. "ಅದು ಯಾವ ಮಂತ್ರ?" ಎಂದು ಕೇಳಿದರು. ಗಾಡಿಯ ಮಂತ್ರ ಎಂದೆ.

ಇನ್ನೊಂದು ಸಂಗತಿ. ದೇವದಾಸರು ಇಡ್ಲಿಯ ಹಿಟ್ಟು ಜೊತೆಗೆ ತಂದಿದ್ದಾರೆ. ಮನಾಲಿಯ ಲಾಡ್ಜಿನಲ್ಲಿ ಅಕ್ಕಿ ಉದ್ದು ನೆನೆಹಾಕಿ, ಆ ಮನೆಯೊಡತಿಯ ರುಬ್ಬುಗಲ್ಲಿನಲ್ಲಿ ತಾವೇ ರುಬ್ಬಿ, ಹುಳಿ ಬರಲೆಂದು ಸ್ಟೀಲಿನ ಡಬ್ಬಿಗೆ ಹಾಕಿ ತಮ್ಮ ಕಂಬಳಿ ಹೊದಿಸಿದ್ದಾರೆ. ತಾವು ಚಾದರ ಹೊದ್ದು ನಡುಗುತ್ತಾರೆ, ಡಬ್ಬಿ ಬೆಚ್ಚಗಿದೆ. ತುಳುಕಬಾರದೆಂದು ಮುಚ್ಚಳವನ್ನು ಗುದ್ದಿ ಗುದ್ದಿ ಬಿಗಿ ಮಾಡಿದ್ದಾರೆ. ಆ ಎತ್ತರದಲ್ಲಿ ಬಿಗಿಮುಚ್ಚಳ ಏನಾಗುತ್ತದೆಂದು ನನಗೆ ಗೊತ್ತು. ಹೇಳಿದರೆ, ಡ್ರೈವರಿಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಸುಮ್ಮನಿದ್ದೇನೆ.

ನಾಳೆ ಹೇಳುತ್ತೇನೆ. ಮುಖ ನೋಡಿಕೊಂಡೇ.

ನಿನ್ನ ಅಣ್ಣ,
ಚಂದ್ರಾಮಪ್ಪ

—

ಕೇಲಾಂಗ್
10 ಜುಲೈ 2009

ರಾಜೀವಿಗೆ,

ನಾವು ನಿನ್ನೆ ಬಾರಾಲಾಚಾ ನೋಡಿ ಇವತ್ತು ಇಲ್ಲಿಗೆ ಇಳಿದೆವು. ನಿನಗೆ ಮೊದಲೇ ಗೊತ್ತಿತ್ತಂತೆ. ಅದರ ವಿಚಾರಣೆ ಮನೆಗೆ ಬಂದ ಮೇಲೆ. ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಪತ್ಸಿಯೋದಲ್ಲಿ ಚಂದ್ರಾಮಪ್ಪನವರು ಕೇಳದೆಯೇ ಜೀಪು ನಿಲ್ಲಿಸಿದರು. ಹೊಳೆಯ ಪಕ್ಕ ಬಯಲು, ಸುತ್ತ ಬೋಳು ಬೆಟ್ಟ, ಒಂದೊಂದು ಬೆಟ್ಟಕ್ಕೆ ಒಂದೊಂದು ಬಣ್ಣ. ರಸ್ತೆಯಿಂದ ತುಸು ದೂರದಲ್ಲಿ ಮುರಿದ ಕಲ್ಲಿನ ಗೋಡೆ. ಅವರು ಆ ಗೋಡೆಯನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಬಂದೂಕು ಹೊಡೆದ ಹಾಗೆ ಶಬ್ದ. ಹಿಟ್ಟಿನ ಡಬ್ಬಿಯ ಮುಚ್ಚಳ ಹಾರಿ ಜೀಪಿನ ಚಾವಣಿಗೆ ಬಡಿದಿತ್ತು. ಹಿಟ್ಟು ಕಂಬಳಿಯ ಮೇಲೆ, ಸೀಟಿನ ಮೇಲೆ, ನೀನು ಹೆಣೆದ ಸ್ವೆಟರಿನ ಮೇಲೆ. ಅರ್ಧ ಡಬ್ಬಿ ಉಳಿದಿತ್ತು. "ಇನ್ನು ಮೇಲೆ ಒಯ್ಯುವುದು ಬೇಡ, ಇಲ್ಲೇ ಬೇಯಿಸುವ" ಎಂದೆ.

ಗೋಡೆಯ ಮರೆಯಲ್ಲಿ ಪಂಪ್ ಸ್ಟೋವ್ ಹಚ್ಚಿದೆ. ನೀರು ಬೇಗ ಕುದಿಯಿತು, ನನಗೆ ಖುಷಿ. ತಟ್ಟೆಗೆ ಹಿಟ್ಟು ಹೊಯ್ದು ಇಟ್ಟೆ. ಹತ್ತು ನಿಮಿಷಕ್ಕೆ ತೆಗೆದರೆ ಹಸಿ. ಇಪ್ಪತ್ತಕ್ಕೆ ಹಸಿ. ಮುಕ್ಕಾಲು ಗಂಟೆ, ರಾಜೀವಿ, ಮುಕ್ಕಾಲು ಗಂಟೆಗೂ ಬೆರಳಿಗೆ ಅಂಟುತ್ತಿತ್ತು. ನಲವತ್ತು ವರ್ಷ ಇಡ್ಲಿ ಬೇಯಿಸಿದ ಕೈ ನನ್ನದು. ನಾಚಿಕೆಯಾಯಿತು.

ಚಂದ್ರಾಮಪ್ಪನವರು ಎದ್ದರು. ಚೀಲದಲ್ಲಿದ್ದ ಗೋಧಿಹಿಟ್ಟನ್ನು ನಾದಿ ಹಗ್ಗದ ಹಾಗೆ ಹೊಸೆದು, ಇಡ್ಲಿ ಪಾತ್ರೆಯ ಬಾಯಿಗೆ ಸುತ್ತಲೂ ಮೆತ್ತಿ, ಮುಚ್ಚಳ ಒತ್ತಿದರು. ಗೋಡೆಯಿಂದ ಒಂದು ಕಲ್ಲನ್ನು ಎತ್ತಿದರು. ಅದನ್ನು ಕೆಳಗಿಟ್ಟರು. ಇನ್ನೊಂದನ್ನು ಎತ್ತಿ ಕೈಯಲ್ಲಿ ತೂಗಿ ನೋಡಿ ಮುಚ್ಚಳದ ಮೇಲಿಟ್ಟರು. ಆ ಕಲ್ಲನ್ನು ಆರಿಸಿದ ರೀತಿ ನೋಡಿದರೆ ಅದು ಹೊಸಬರ ಕೈಯಲ್ಲ.

"ಡ್ರೈವರಿಗೆ ಇದನ್ನು ಯಾರು ಕಲಿಸಿದರು?" ಎಂದೆ.

"ಡ್ರೈವರಿಗೆ ಯಾರೂ ಕಲಿಸಲಿಲ್ಲರಿ. ಇಲ್ಲಿ ನೀರು ಲಗೂ ಕುದೀತದ, ಆದ್ರ ಅದರಾಗ ಕಾವು ಇರೂದಿಲ್ಲ. ಹಬಿ ಹೊರಗ ಬಿಡಬಾರದು. ಇದನ್ನ ಕಲತದ್ದು ಅಡಿಗಿಯವ" ಎಂದು ನನ್ನ ಮುಖ ನೋಡಿದರು. "ಇದೇ ಗ್ವಾಡಿ ಒಳಗ. ಮೂರು ವರ್ಷ. ಇದರ ಮ್ಯಾಲಿನ ದಾರಿ ನಾ ಕಂಡಿಲ್ಲ, ದೇವದಾಸರ. ಕೇಳೀನಿ ಅಷ್ಟ."

ಎಲ್ಲ ಹೇಳಿದರು. ನಾನು ಎದ್ದು ಹೋಗಿ ಜೀಪಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

ನನಗೆ ಬಂದ ಸಿಟ್ಟು ಎಂಥದ್ದೆಂದು ಮೊದಲು ನನಗೇ ತಿಳಿಯಲಿಲ್ಲ. ಅವರು ಡ್ರೈವರ್ ಆಗಿದ್ದರೇನು, ಬಿಟ್ಟಿದ್ದರೇನು? ಕೂತು ಯೋಚಿಸಿದಾಗ ತಿಳಿಯಿತು. ಕಿಟಕಿ ಇಳಿಸಿ ಕೂಗಿದೆ: "ಅಲ್ಲ ಮಾರಾಯ್ರೇ, ಅಡಿಗೆ ಬಲ್ಲವರು ಇಪ್ಪತ್ತೊಂದು ವರ್ಷ ನನ್ನ ಹೋಟೆಲಿನಲ್ಲಿ ಕೂತು ನನ್ನ ಸಾಂಬಾರು ತಿಂದಿರಿ. ಹೇಗುಂಟು ಅಂತ ಒಂದು ದಿನ ಹೇಳಲಿಲ್ಲವಲ್ಲ."

ಅವರು ಸ್ಟೋವಿನ ಕಡೆಗೇ ನೋಡುತ್ತಾ, "ಇಂಗು ಜಾಸ್ತಿ" ಎಂದರು.

"ಯಾವಾಗಿನಿಂದ?"

"ಮೊದಲನೇ ದಿನದಿಂದ."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಆ ಗಾಳಿಯಲ್ಲಿ ನಕ್ಕರೆ ಉಸಿರು ಸಿಗುವುದಿಲ್ಲ, ಇಬ್ಬರೂ ಗೋಡೆ ಹಿಡಿದುಕೊಂಡು ನಿಂತೆವು. ಹನ್ನೆರಡು ನಿಮಿಷಕ್ಕೆ ಕಲ್ಲು ತೆಗೆದರು. ಇಡ್ಲಿ ಮಲ್ಲಿಗೆಯ ಹಾಗೆ ಬಂದಿತ್ತು. ಮೊದಲ ಇಡ್ಲಿಯನ್ನು ನಾನು ಅವರಿಗೆ ಬಡಿಸಿದೆ, ಎರಡನೆಯದನ್ನು ಅವರು ನನಗೆ.

ಆಮೇಲೆ ಲೈಸೆನ್ಸು ತೋರಿಸಿದರು. ಏಪ್ರಿಲ್ ತಿಂಗಳದ್ದು. ಇದು ರೋಹತಾಂಗದಲ್ಲಿ ಗೊತ್ತಾಗಿದ್ದರೆ ನಾನು ಇಳಿದು ನಡೆದೇ ಬರುತ್ತಿದ್ದೆ. ಕೀಲಿಕೈ ವಾಪಸು ಕೊಡಲು ಬಂದರು. "ನಿಮ್ಮಲ್ಲೇ ಇರಲಿ. ಇಲ್ಲಿಂದ ಮುಂದೆ ಇಬ್ಬರಿಗೂ ಹೊಸತು. ನಾನು ತಿರುವು ಎಣಿಸುತ್ತೇನೆ, ನೀವು ಹತ್ತಿಸಿ" ಎಂದೆ.

ದಾರಿಯೆಲ್ಲ ಮಗುವಿನ ಹಾಗೆ. "ಇದಾ ನೋಡ್ರಿ, ಗುರುದಯಾಳ ಹೇಳಿದ ನಾಲಾ" ಎನ್ನುವರು. "ಇದು ಬಹಾದ್ದೂರ ಹೇಳಿದ ಬಂಡಿಗಲ್ಲು" ಎನ್ನುವರು. ನನಗೆ ಹೇಳಿದ್ದ ಕಥೆಯೊಳಗೆ ಹೆಸರಿಲ್ಲದೆ ಅಡಗಿದ್ದ ಆ ಡ್ರೈವರುಗಳು ಒಬ್ಬೊಬ್ಬರಾಗಿ ದಾರಿಬದಿಗೆ ಬಂದು ನಿಂತಂತಾಯಿತು. ಕೆರೆ ಬಂತು. ಸೂರಜ್ ತಾಲ್ ಎನ್ನುತ್ತಾರೆ. ಅವರು ಹೇಳಿದ್ದಕ್ಕಿಂತ ನೀಲಿ. ಅಂಚಿನಲ್ಲಿ ಇನ್ನೂ ಹಿಮ ತೇಲುತ್ತಿತ್ತು. ನೆತ್ತಿಯಲ್ಲಿ ದಾರಕ್ಕೆ ಕಟ್ಟಿದ ಬಣ್ಣದ ಬಟ್ಟೆಗಳು ಪಟಪಟ ಎನ್ನುತ್ತಿದ್ದವು, ಬೇರೆ ಸದ್ದಿಲ್ಲ. ಯಾಕೆಂದರೆ ಚಂದ್ರಾಮಪ್ಪನವರು ಎಂಜಿನ್ ಬಂದ್ ಮಾಡಿದ್ದರು.

"ಬಂದ್ ಮಾಡಿದ್ರೆ ಶುರುವಾಗೋದಿಲ್ಲ ಅಂದಿದ್ದಿರಲ್ಲ?" ಎಂದೆ.

"ಇಳಿದು ನೋಡಬೇಕಾಗಿತ್ತು" ಎಂದರು. ಇಳಿದರು, ಟೋಪಿ ತೆಗೆದರು, ಬಹಳ ಹೊತ್ತು ನಿಂತರು.

ಗಾಡಿ ಮೊದಲ ಸಲಕ್ಕೇ ಶುರುವಾಯಿತು.

ನಿನ್ನ,
ದೇವದಾಸ

—

ಔರಂಗಾಬಾದ್
18 ಆಗಸ್ಟ್ 2009

ಚಂದ್ರಾಮಪ್ಪನವರಿಗೆ ನಮಸ್ಕಾರ.

ನಿನ್ನೆ ಕಥೆ ಮುಗಿಸಿ ನೀವು ಸಂಜೆಯ ಬಸ್ಸು ಹತ್ತಿ ಹೋದಿರಿ. ಹೋಗುವಾಗ ನಿಮ್ಮ ಮುಖ ಸಣ್ಣಗಾಗಿತ್ತು. ಶ್ರಾವಣ ಸೋಮವಾರ, ಅದೇ ಮೂಲೆಯ ಮೇಜು, ಕೇಳಲೆಂದೇ ಬಂದ ಅದೇ ಮಂದಿ, ಅವರ ಮುಂದೆ ನೀವು ಮೊದಲ ಬಾರಿ ಅಡಿಗೆಯವನ ಕಥೆ ಹೇಳಿದಿರಿ. ಮುಗಿದಾಗ ಎಲ್ಲರೂ ಒಬ್ಬೊಬ್ಬರಾಗಿ ಎದ್ದರು. ಪ್ರತಿ ವರ್ಷ ಬೆನ್ನು ತಟ್ಟುತ್ತಿದ್ದ ನರಹರಿಯವರು ಕೂಡ ಸುಮ್ಮನೆ ಕೊಡೆ ತೆಗೆದುಕೊಂಡು ಹೊರಟರು. "ಆತು, ಇನ್ನ ನನಗ ಇಲ್ಲಿ ಜಾಗ ಇಲ್ಲ" ಎಂದು ನೀವು ನನ್ನ ಕಿವಿಯಲ್ಲಿ ಹೇಳಿದಿರಿ. ಇವತ್ತು ಬೆಳಿಗ್ಗೆ ನಡೆದದ್ದನ್ನು ನೀವು ಇದ್ದು ನೋಡಬೇಕಿತ್ತು.

ಆರೂವರೆಗೆ ರಾಕೇಶ ಹೋಟೆಲಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನರಹರಿ. ನಿಮ್ಮ ಬ್ಯಾಂಕಿನ ಹಳೆಯ ಹೆಡ್ ಕ್ಯಾಷಿಯರು ಏಳು ಗಂಟೆಗೆ ಮುಂಚೆ ಎದ್ದದ್ದನ್ನು ಯಾರೂ ಕಂಡಿಲ್ಲ, ತಲೆಗೆ ಮಫ್ಲರ್ ಬೇರೆ. ಪಕ್ಕದಲ್ಲಿ ಶಾಲೆಯ ಟೀಚರಾಗಿದ್ದ ಸಾವಿತ್ರಿಬಾಯಿ, ಕೈಯಲ್ಲಿ ನಾದಿದ ಗೋಧಿಹಿಟ್ಟಿನ ಉಂಡೆ. ಹಿಂದೆ ಇನ್ನೂ ಮೂವರು.

"ಹಿಟ್ಟಿನ ಡಬ್ಬಿ ತಗೀರಿ, ಬಿಗಿ ಮುಚ್ಚಳದ್ದು. ಖುಲ್ತಾಬಾದ್ ಘಾಟಿಗೆ ಹೋಗೋಣು. ಹಾರತದೋ ಇಲ್ಲೋ ನೋಡೇಬಿಡೋಣು" ಎಂದರು ನರಹರಿ.

ಜೀಪಿನಲ್ಲಿ ಆರು ಮಂದಿ. ಸಣ್ಣ ಘಾಟಿ, ನಾನೇ ಓಡಿಸಿದೆ, ಮೊಣಕಾಲು ತಡೆದುಕೊಂಡಿತು. ದೌಲತಾಬಾದ್ ದಾಟಿ ಘಾಟಿ ಹತ್ತುವಾಗ ಡಬ್ಬಿ ನರಹರಿಯವರ ತೊಡೆಯ ಮೇಲೆ. ಎಲ್ಲರೂ ಮುಚ್ಚಳವನ್ನೇ ನೋಡುತ್ತಿದ್ದರು, ಹೊರಗೆ ಹಸಿರು ಬೆಟ್ಟ ಇಳಿಯುತ್ತಿದ್ದರೂ ಒಬ್ಬರೂ ತಲೆ ಎತ್ತಲಿಲ್ಲ. ಮೇಲೆ ತಲುಪಿದೆವು. ಮುಚ್ಚಳ ಅಲ್ಲಾಡಲಿಲ್ಲ. "ಹೈಟ್ ಸಾಲದು" ಎಂದು ಸಾವಿತ್ರಿಬಾಯಿ ತೀರ್ಪು ಕೊಟ್ಟರು.

ಬಂದ ಮೇಲೆ ಬಿಡುವುದುಂಟೇ? ರಸ್ತೆ ಬದಿಯಲ್ಲಿ ಸ್ಟೋವ್ ಹಚ್ಚಿ, ಹಿಟ್ಟು ಮೆತ್ತಿ, ಕಲ್ಲು ಹುಡುಕಲು ಐವರೂ ಗುಡ್ಡಕ್ಕೆ ಚದುರಿದರು. ಒಬ್ಬೊಬ್ಬರು ಒಂದೊಂದು ಕಲ್ಲು ತಂದು ಕೈಯಲ್ಲಿ ತೂಗಿ ನೋಡುವುದು, ಇನ್ನೊಬ್ಬರು ಅದು ಸರಿಯಿಲ್ಲ ಎನ್ನುವುದು. ದರ್ಗಾಕ್ಕೆ ಹೂ ಒಯ್ಯುತ್ತಿದ್ದ ಹೆಂಗಸರು ನಿಂತು ಏನು ಬೇಯುತ್ತಿದೆ ಎಂದು ಕೇಳಿದರು. ಅವರಿಗೂ ಎರಡೆರಡು ಇಡ್ಲಿ ಸಿಕ್ಕಿತು.

ನಿನ್ನೆ ಸುಮ್ಮನೆ ಎದ್ದು ಹೋದಿರಲ್ಲ ಎಂದು ನರಹರಿಯವರನ್ನು ನಾನು ಕೇಳಿಯೇಬಿಟ್ಟೆ. ಅವರು ಇಡ್ಲಿ ಮುರಿಯುತ್ತಾ ಹೇಳಿದರು: "ಗೋಧಿಹಿಟ್ಟು ಯಾರ ಮನ್ಯಾಗ ಅದ ಅಂತ ಯೋಚನಿ ಹತ್ತಿತ್ತು. ಡ್ರೈವರನ ಕಥೀ ಇಪ್ಪತ್ತು ವರ್ಷ ಕೇಳಿದ್ವಿ, ಕೇಳಿ ಮನಿಗೆ ಹೋಗಿ ಮಲಗಿದ್ವಿ. ಅಡಿಗಿಯವನ ಕಥೀ ಕೇಳಿದ್ರ ಮಲಗಲಿಕ್ಕೆ ಬಿಡಲಿಲ್ಲ ನೋಡ್ರಿ."

ಇಳಿಯುವಾಗ ಅವರು ಆ ಕಲ್ಲನ್ನು ಅಲ್ಲಿ ಬಿಡಲಿಲ್ಲ. ಇನ್ನೂ ಬೆಚ್ಚಗಿದೆ ಎಂದು ಮಫ್ಲರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಹೋಟೆಲಿಗೆ ಬಂದು ಮೂಲೆಯ ಮೇಜಿನ ಮೇಲೆ, ನೀವು ಕೂರುವ ಕಡೆ ಇಟ್ಟರು. ಅಷ್ಟರಲ್ಲಿ ಯಾರೋ ಹೊಸ ಗಿರಾಕಿ ಬಂದು ಅಲ್ಲಿ ಕೂರಲು ಕುರ್ಚಿ ಎಳೆದ. ನಾನು ಬಾಯಿ ತೆರೆಯುವ ಮೊದಲೇ ಐದೂ ಮಂದಿ ಒಟ್ಟಿಗೆ ಹೇಳಿದರು: "ಅದು ಅಡಿಗೆಯವರ ಜಾಗ."

ಇತಿ,
ದೇವದಾಸ